ಗುಡ್ಡದ ಅಚ್ಚು: ಹನ್ನೊಂದು ಸಾಲು, ಅವಕ್ಕೆ ವ್ಯಾಖ್ಯಾನ

ಬಳ್ಳಾರಿ ಸೀಮೆಯ ಗುಡ್ಡಗಳನ್ನು ಮರದ ಹಲಗೆಯಲ್ಲೋ ಲಿನೋ ತುಂಡಿನಲ್ಲೋ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಇಳಿಸಲು ಕಲಿಯುವವರಿಗಾಗಿ ಬರೆದ ಸಾಲುಗಳಿವು. ಉಳಿ ಹಿಡಿದ ಹೊತ್ತಿನಲ್ಲಿ ಬಾಯಲ್ಲಿ ನಿಲ್ಲಲಿ ಎಂದು ಚಿಕ್ಕದಾಗಿ ಕಟ್ಟಿದ್ದೇನೆ. ಚಿಕ್ಕ ಮಾತಿಗೆ ತಪ್ಪರ್ಥ ಬೇಗ ಹತ್ತಿಕೊಳ್ಳುತ್ತದೆ, ಹಾಗಾಗಿ ವ್ಯಾಖ್ಯಾನವೂ ನನ್ನದೇ. ಸೂತ್ರ ಬರೆದವರೇ ವೃತ್ತಿಯನ್ನೂ ಬರೆಯುವ ರೂಢಿ ಕೇಶಿರಾಜ, ಭಟ್ಟಾಕಳಂಕರ ಕಾಲದಿಂದ ಕನ್ನಡದಲ್ಲಿದೆ.

ಮೊದಲು ಸಾಲುಗಳು:

ಗುಡ್ಡ ಮೊದಲು ನೋಡು, ಹಲಗೆ ಆಮೇಲೆ ಹಿಡಿ.
ಕಡಿದದ್ದು ಬಿಳಿ, ಉಳಿದದ್ದು ಕಪ್ಪು.
ಎಡದ ಕೋಟೆ ಬಲಕ್ಕೆ ಬರುತ್ತದೆ, ಮರೆಯಬೇಡ.
ಬಂಡೆ ಎಲ್ಲಿ ಸೀಳಿದೆಯೋ ಅಲ್ಲಿಂದ ಉಳಿ ಹಾಕು.
ಗುಂಡಿಗೆ ಸುತ್ತ ಗೆರೆ ಎಳೆಯಬೇಡ.
ಕರಿಕಲ್ಲಿನ ಪಟ್ಟೆಯನ್ನು ಮುಟ್ಟದೆ ಬಿಡು.
ಕುಟ್ಟಿದ್ದನ್ನು ಕುಟ್ಟಿಯೇ ತೋರಿಸು.
ಕೆಂಪಿನ ಮೇಲೆ ಕೆಂಪು, ಸಂಡೂರಿನ ಹಾಗೆ.
ಬಯಲು ಖಾಲಿ ಅಂದುಕೊಳ್ಳಬೇಡ.
ಮಸಿ ಕಮ್ಮಿ, ಒತ್ತು ಜಾಸ್ತಿ.
ತೆಗೆದದ್ದು ಮತ್ತೆ ಬಾರದು, ಎಣಿಸಿ ಅಚ್ಚು ಹಾಕು.

ಗುಡ್ಡ ಮೊದಲು ನೋಡು, ಹಲಗೆ ಆಮೇಲೆ ಹಿಡಿ.

ಬಳ್ಳಾರಿ ಊರೊಳಗೇ ಎರಡು ಗುಡ್ಡಗಳಿವೆ. ಒಂದರ ಮೇಲೆ ಕೋಟೆ: ಮೇಲುಕೋಟೆ ವಿಜಯನಗರದ ಸಾಮಂತ ಹನುಮಪ್ಪ ನಾಯಕನದು, ಕೆಳಕೋಟೆ ಹೈದರ್ ಅಲಿಯದು. ಇನ್ನೊಂದು ಕುಂಬಾರ ಗುಡ್ಡ. ಒಂದು ದಿಕ್ಕಿನಿಂದ ನೋಡಿದರೆ ಅದರ ಅಂಚು ಮನುಷ್ಯನ ಮುಖದ ಹಾಗೆ ಕಾಣುವುದರಿಂದ ಇಂಗ್ಲಿಷರು ಅದನ್ನು ಫೇಸ್ ಹಿಲ್ ಎಂದು ಕರೆದರು. ಹೈದರನಿಗೆ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರ್, ಕುಂಬಾರ ಗುಡ್ಡವೇ ಕೋಟೆಯ ಗುಡ್ಡಕ್ಕಿಂತ ಎತ್ತರ ಎಂಬುದನ್ನು ಗಮನಿಸಲಿಲ್ಲವಂತೆ. ಅಲ್ಲಿ ಫಿರಂಗಿ ಏರಿಸಿದರೆ ಕೋಟೆ ನಿಲ್ಲದು ಎಂದು ಗೊತ್ತಾದ ಮೇಲೆ ಹೈದರ್ ಅವನನ್ನು ನೇಣಿಗೇರಿಸಿದ ಎಂದು ಊರಲ್ಲಿ ಕಥೆ ಹೇಳುತ್ತಾರೆ. ಕಥೆ ನಡೆದದ್ದೋ ಕಟ್ಟಿದ್ದೋ, ಒಂದು ಗುಡ್ಡವನ್ನು ಅದರ ಪಕ್ಕದ ಗುಡ್ಡದ ಜೊತೆಯಲ್ಲಿಟ್ಟು ನೋಡಬೇಕು ಎಂಬ ಮಾತಂತೂ ಅದರಲ್ಲಿದೆ. ಅಚ್ಚು ಹಾಕುವವರಿಗೆ ಅದು ಬೇಕು.

ನೋಡುವುದು ಎಂದರೆ ಏನನ್ನು? ಅಂಚಿನ ಗೆರೆಯನ್ನು ಎಲ್ಲರೂ ನೋಡುತ್ತಾರೆ. ಅದರ ಒಳಗೆ ಯಾವ ಕಲ್ಲಿದೆ, ಅದು ಹೇಗೆ ಒಡೆಯುತ್ತದೆ, ನೀರು ಎಲ್ಲಿ ಇಳಿಯುತ್ತದೆ ಎಂಬುದನ್ನು ನೋಡಬೇಕು. ಈ ಸೀಮೆಯಲ್ಲಿ ಅಚ್ಚಿಗೆ ಮುಖ್ಯವಾದ ಕಲ್ಲುಗಳು ಮೂರು. ಊರಿನ ಗುಡ್ಡ, ಕುರುಗೋಡಿನ ಗುಡ್ಡ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡ ಇವೆಲ್ಲ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಆ ಗ್ರಾನೈಟನ್ನು ಸೀಳಿಕೊಂಡು ಹೋಗುವ ಕಪ್ಪು ಪಟ್ಟೆಗಳು ಡಾಲರೈಟ್. ಪಡುವಣಕ್ಕೆ ಸಂಡೂರಿನ ಸಾಲು ಕಬ್ಬಿಣದ ಅದಿರಿನ ಪದರಗಲ್ಲು. ಮೂರಕ್ಕೂ ಮೂರು ಬಗೆಯ ಉಳಿಗೆಲಸ ಬೇಕು. ಈ ಸಾಲುಗಳ ಹೆಚ್ಚಿನ ಭಾಗ ಅದನ್ನೇ ಹೇಳುತ್ತದೆ.

ನೋಡುವುದರಲ್ಲಿ ನಮಗೆ ಗುರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ಭೂವಿಜ್ಞಾನಿ ಇವರೇ. ಬಳ್ಳಾರಿ ಜಿಲ್ಲೆಯನ್ನು ಸುತ್ತಿ ನೋಡಿ, 1895ರಲ್ಲಿ ಅದರ ಭೂವಿಜ್ಞಾನದ ಮೇಲೇ ಒಂದು ಸಂಪುಟ ಬರೆದರು. ಕಲ್ಲಿನ ಜಾತಿ ನೋಡಲು ಹೋದವರ ಕಣ್ಣಿಗೆ ಮನುಷ್ಯ ಕುಟ್ಟಿದ ಕಲ್ಲೂ ಬಿತ್ತು. ಬಳ್ಳಾರಿಯಲ್ಲಿ ಇಂದು ಅವರ ಹೆಸರಿನಲ್ಲೇ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಕೆತ್ತಲು ಕೂರುವ ಮೊದಲು ಅಲ್ಲಿಗೆ ಹೋಗಿ ಬನ್ನಿ ಎಂದು ಎಲ್ಲರಿಗೂ ಹೇಳುತ್ತೇನೆ.

ಕಡಿದದ್ದು ಬಿಳಿ, ಉಳಿದದ್ದು ಕಪ್ಪು.

ಉಬ್ಬಚ್ಚಿನ ವಿದ್ಯೆಯೆಲ್ಲ ಈ ಸಾಲಿನಲ್ಲಿದೆ. ಹಲಗೆಯ ಮೇಲ್ಮೈಗೆ ಮಾತ್ರ ಮಸಿ ಹತ್ತುತ್ತದೆ, ತಗ್ಗಿಗೆ ಹತ್ತುವುದಿಲ್ಲ. ಪೆನ್ಸಿಲ್ ಹಿಡಿದು ಕಲಿತವರಿಗೆ ಇದು ಕೈಗೆ ಹತ್ತಲು ಹೊತ್ತು ಬೇಕು. ಅಲ್ಲಿ ಗೆರೆ ಎಳೆದರೆ ಕಪ್ಪು ಬರುತ್ತದೆ, ಇಲ್ಲಿ ಗೆರೆ ಎಳೆದರೆ ಬೆಳಕು ಬರುತ್ತದೆ. ನಂದಲಾಲ್ ಬೋಸ್ 1930ರಲ್ಲಿ ದಂಡಿಗೆ ಹೊರಟ ಗಾಂಧೀಜಿಯನ್ನು ಲಿನೋದಲ್ಲಿ ಕೆತ್ತಿದಾಗ ಕಪ್ಪು ನೆಲದ ಮೇಲೆ ಬಿಳಿ ಗೆರೆಗಳಲ್ಲೇ ಆ ಮೈಕಟ್ಟು, ಆ ಕೋಲು, ಆ ನಡಿಗೆ ಎಲ್ಲವನ್ನೂ ತಂದರು. ಎಷ್ಟು ಕಮ್ಮಿ ಕಡಿದು ಎಷ್ಟು ಹೇಳಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಸೀಮೆಗೆ ಈ ವಿದ್ಯೆ ಹೊಸದೂ ಅಲ್ಲ. ಶಾಸನತಜ್ಞರು ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ಗೊತ್ತಿರುತ್ತದೆ: ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿಬಡಿದು ಅಕ್ಷರದ ತಗ್ಗಿಗೆ ಕಾಗದ ಕೂರಿಸುತ್ತಾರೆ, ಮೇಲೆ ಮಸಿಯ ಗಂಟು ಒತ್ತುತ್ತಾರೆ. ಬಂಡೆ ಕಪ್ಪಾಗಿ, ಅಕ್ಷರ ಬಿಳಿಯಾಗಿ ಬರುತ್ತದೆ. ಅದು ಬಂಡೆಯನ್ನೇ ಹಲಗೆ ಮಾಡಿಕೊಂಡ ಅಚ್ಚು. ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಇಲ್ಲಿನ ಕನ್ನಡ ಶಾಸನಗಳು ದಕ್ಷಿಣ ಭಾರತೀಯ ಶಾಸನಮಾಲೆಯ ಒಂಬತ್ತನೇ ಸಂಪುಟದಲ್ಲಿವೆ. ಅದರ ಮೊದಲ ಭಾಗ ಬಂದದ್ದು 1939ರಲ್ಲಿ. ಕುರುಗೋಡನ್ನು ಆಳಿದ ಸಿಂದ ಅರಸರ ಶಾಸನದ ಕಲ್ಲುಗಳನ್ನು ಓದುವ ವಿದ್ವಾಂಸರ ಮೇಜಿನ ಮೇಲೆ ಇರುತ್ತಿದ್ದದ್ದು ಇಂಥ ಕಪ್ಪು-ಬಿಳಿ ಹಾಳೆಗಳೇ.

ತೊಗಲುಗೊಂಬೆಯವರೂ ಇದೇ ನೆಂಟಸ್ತಿಕೆಯವರು. ಬೆಳಗಲ್ಲು ವೀರಣ್ಣನವರು ಬಳ್ಳಾರಿಯಿಂದ ದೇಶಕ್ಕೆಲ್ಲ ತೋರಿಸಿದ ಗೊಂಬೆಗಳಲ್ಲಿ ಒಡವೆ ಹೊಳೆಯುವುದು ಎಲ್ಲಿ? ಉಳಿಯಿಂದ ತೊಗಲನ್ನು ತೂತು ಮಾಡಿ ತೆಗೆದಲ್ಲಿ.

ಎಡದ ಕೋಟೆ ಬಲಕ್ಕೆ ಬರುತ್ತದೆ, ಮರೆಯಬೇಡ.

ಹಲಗೆಯಲ್ಲಿ ಇದ್ದದ್ದು ಕಾಗದದಲ್ಲಿ ಮಗುಚಿ ಬರುತ್ತದೆ. ಮರವೋ ಮೋಡವೋ ಆದರೆ ನಡೆದುಹೋಗುತ್ತದೆ. ಆದರೆ ಬಳ್ಳಾರಿಯವರಿಗೆ ಕೋಟೆ ಗುಡ್ಡ ಮಗುಚಿದ್ದು ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ದಿನಾ ನೋಡುವ ಗುಡ್ಡ ಅದು. ತೆಳು ಟ್ರೇಸಿಂಗ್ ಹಾಳೆಯಲ್ಲಿ ಬರೆದು, ಹಾಳೆ ತಿರುಗಿಸಿ, ಹಲಗೆಗೆ ಇಳಿಸಿದರೆ ಸಾಕು.

ಬಳ್ಳಾರಿಯಲ್ಲಿ ತಿರುಗುಮುರುಗು ಓದುವ ಕಣ್ಣು ಹಿಂದೆ ಬಹಳ ಮಂದಿಗೆ ಇತ್ತು. ಅಚ್ಚುಮೊಳೆ ಜೋಡಿಸುವವರು ಅವರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಈ ಊರಿಗೆ ಬಂದದ್ದು 1810ರಲ್ಲಿ, ಮುಂದೆ ಮಿಷನ್ನಿನ ಮುದ್ರಣಾಲಯ ಇಲ್ಲಿ ನಡೆಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂತು. ಮರುವರ್ಷ 1844ರಲ್ಲಿ ಅದೇ ಪತ್ರಿಕೆ ಬಳ್ಳಾರಿಗೆ ಬಂದು, 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಮೊಳೆಗಳಿಂದ ಅಚ್ಚಾಯಿತು. ಕಲ್ಲಚ್ಚಿನಲ್ಲಿ ಮೇಲ್ಮೈ ಸಪಾಟು, ಎಣ್ಣೆಗೂ ನೀರಿಗೂ ಇರುವ ವೈರದಿಂದಲೇ ಚಿತ್ರ ಮೂಡುತ್ತದೆ. ಮೊಳೆಯಲ್ಲಿ ಅಕ್ಷರ ಉಬ್ಬಿ ನಿಂತಿರುತ್ತದೆ, ಉಬ್ಬಿದ್ದೇ ಮಸಿ ಹಿಡಿಯುತ್ತದೆ. ಕನ್ನಡದ ಮೊದಲ ಪತ್ರಿಕೆ ಉಬ್ಬಚ್ಚಿಗೆ ತಿರುಗಿದ ಊರು ಬಳ್ಳಾರಿ. ಇಲ್ಲಿ ಹಲಗೆ ಕೆತ್ತಲು ಕೂರುವವರು ಇದನ್ನು ತಿಳಿದಿರಬೇಕು, ಹೆಮ್ಮೆಪಡಬೇಕು ಕೂಡ.

ಬಂಡೆ ಎಲ್ಲಿ ಸೀಳಿದೆಯೋ ಅಲ್ಲಿಂದ ಉಳಿ ಹಾಕು.

ಗ್ರಾನೈಟ್ ಹುಟ್ಟಿದ್ದು ನೆಲದ ಕೆಳಗೆ ಬಹಳ ಆಳದಲ್ಲಿ, ಮೇಲಿನ ಭಾರದಡಿ, ನಿಧಾನ ತಣಿದು. ಮೇಲಿದ್ದ ಕಲ್ಲೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋಗಿ ಭಾರ ಇಳಿದಾಗ ಒಳಗಿನ ಬಂಡೆ ಸಡಿಲಗೊಂಡು, ಮೇಲ್ಮೈಗೆ ಸಮನಾಗಿ ಹೊದಿಕೆ ಹೊದಿಕೆಯಾಗಿ ಬಿರಿಯುತ್ತದೆ. ತಣಿಯುವಾಗ, ನೆಲ ಒತ್ತುವಾಗ ಆದ ನೆಟ್ಟನೆಯ ಸೀಳುಗಳು ಬೇರೆ. ಕೋಟೆ ಗುಡ್ಡದ ಮೈಮೇಲೆ ಎರಡೂ ಕಾಣುತ್ತವೆ: ಬೆನ್ನಿನ ಬಾಗಿಗೆ ಹೊಂದಿಕೊಂಡ ಉದ್ದನೆ ಬಿರುಕು, ಅದನ್ನು ಕತ್ತರಿಸುವ ನೇರ ಬಿರುಕು. ಇವೇ ಗುಡ್ಡದ ಎಲುಬು. ಮೊದಲ ಉಳಿ ಇಲ್ಲಿಗೇ ಬೀಳಬೇಕು. ನೆರಳು, ಹುಲ್ಲು, ಕೋಟೆ ಗೋಡೆ ಎಲ್ಲ ಆಮೇಲೆ. ನೆರಳಿನಿಂದ ಶುರುಮಾಡಿದ ಗುಡ್ಡಗಳು ಬಟ್ಟೆ ಹೊದಿಸಿದ ರಾಶಿಯಂತೆ ಆಗುವುದನ್ನು ತುಂಬ ನೋಡಿದ್ದೇನೆ.

ಕಲ್ಲು ಒಡೆಯುವವರ ಕ್ರಮವೂ ಇದೇ. ಅವರು ಬಂಡೆಯನ್ನು ಸುಮ್ಮನೆ ಹೊಡೆಯುವುದಿಲ್ಲ. ಸುತ್ತ ನಡೆದು, ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು, ಒಡೆಯುವ ದಿಕ್ಕು ಕಂಡುಕೊಂಡು, ಆ ಗೆರೆಯಲ್ಲಿ ಸಾಲಾಗಿ ಗುಳಿ ತೋಡಿ ಬೆಣೆ ಕೂರಿಸುತ್ತಾರೆ. ಹಳೆಯ ಬೆಣೆಗುಳಿಗಳ ಸಾಲು ಈ ಸೀಮೆಯ ಎಷ್ಟೋ ಬಂಡೆಗಳ ಮೇಲೆ ಇಂದಿಗೂ ಇದೆ.

ಹಲಗೆಗೂ ಇಂಥ ದಿಕ್ಕು ಉಂಟು. ಮರದ ನಾರಿನ ಜೊತೆ ಹೋದರೆ ಉಳಿ ಜಾರುತ್ತದೆ, ಅಡ್ಡ ಹೋದರೆ ಸಿಬಿರು ಏಳುತ್ತದೆ. ಲಿನೋದಲ್ಲಿ ನಾರಿಲ್ಲ; ಅಗಸೆ ಎಣ್ಣೆಯನ್ನು ಗಟ್ಟಿಗೊಳಿಸಿ, ಬೆಂಡಿನ ಪುಡಿ ಸೇರಿಸಿ, ಸೆಣಬಿನ ಬಟ್ಟೆಗೆ ಹಾಸಿದ ನೆಲಹಾಸು ಅದು. ಎತ್ತ ಬೇಕಾದರೂ ಉಳಿ ತಿರುಗುತ್ತದೆ. ಕಲಿಯುವ ಕೈಗೆ ಲಿನೋ ಒಳ್ಳೆಯದು, ಒಪ್ಪುತ್ತೇನೆ. ಗ್ರಾನೈಟಿಗೆ ಮಾತ್ರ ನನ್ನ ಮತ ಮರಕ್ಕೆ. ಸಾದಾ ಪ್ಲೈವುಡ್ಡನ್ನು ತಂತಿ ಬ್ರಷ್ಷಿನಿಂದ ನಾರಿನುದ್ದಕ್ಕೆ ಬಲವಾಗಿ ತಿಕ್ಕಿದರೆ ಮೆದು ಭಾಗ ಉದುರಿ ಗಟ್ಟಿ ನಾರು ಎದ್ದು ನಿಲ್ಲುತ್ತದೆ. ಆ ನಾರನ್ನು ಬಂಡೆಯ ಹೊದಿಕೆಯ ದಿಕ್ಕಿಗೆ ಇಟ್ಟುಕೊಂಡರೆ, ಉಳಿ ಮುಟ್ಟುವ ಮೊದಲೇ ಅರ್ಧ ಗುಡ್ಡ ಬಂದಿರುತ್ತದೆ.

ಗುಂಡಿಗೆ ಸುತ್ತ ಗೆರೆ ಎಳೆಯಬೇಡ.

ಕುರುಗೋಡಿಗೆ ಹೋಗಿ ನಿಂತರೆ ಈ ಸಾಲು ತಾನಾಗಿ ಅರ್ಥವಾಗುತ್ತದೆ. ಹನ್ನೆರಡನೇ ಶತಮಾನದಲ್ಲಿ ಸಿಂದರು ಆಳಿದ ಊರು, ದೊಡ್ಡಬಸವೇಶ್ವರನ ಊರು. ಅಲ್ಲಿನ ಬಸವ ಆಳೆತ್ತರ ಮೀರಿದ ಒಂದೇ ಕಲ್ಲಿನವನು. ಊರ ಹಿಂದೆ ಗುಡ್ಡ, ಗುಡ್ಡದ ತುಂಬ ಗುಂಡುಕಲ್ಲು, ಒಂದರ ಮೇಲೊಂದು.

ಯಾರೋ ಎತ್ತಿ ಪೇರಿಸಿದಂತೆ ಕಂಡರೂ ಅವು ಎಲ್ಲಿಂದಲೂ ಬಂದವಲ್ಲ, ಇದ್ದಲ್ಲೇ ಇವೆ. ನೆಲದಡಿಯಲ್ಲಿದ್ದ ಬಂಡೆಯ ಸೀಳುಗಳಿಗೆ ನೀರು ಇಳಿದು ಫೆಲ್ಡ್‌ಸ್ಪಾರ್ ಹರಳನ್ನು ಮಣ್ಣು ಮಾಡಿತು. ಚೌಕದ ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಮೂಲೆ ಬೇಗ ಕರಗಿತು, ನಡುವಿನ ತಿರುಳು ದುಂಡಗಾಯಿತು. ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆ ಕಳಚುತ್ತ ಹೋದ ಈ ತಿರುಳುಗಳ ಸುತ್ತಣ ಮಣ್ಣು ಮಳೆಗೆ ಕೊಚ್ಚಿಹೋದಾಗ ಉಳಿದದ್ದು ಗುಂಡುಗಳ ಪೇರಿಕೆ. ಕಡಿದದ್ದು ಹೋಯಿತು, ಉಳಿದದ್ದು ನಿಂತಿತು: ಎರಡನೇ ಸಾಲನ್ನು ಗುಡ್ಡ ನಮಗಿಂತ ಮೊದಲೇ ಕಲಿತಿದೆ.

ಆದ್ದರಿಂದ ಗುಂಡಿನ ಸುತ್ತ ಬಿಳಿ ಉಂಗುರ ಕೆತ್ತುವುದು ತಪ್ಪು. ಹಾಗೆ ಕೆತ್ತಿದರೆ ಅದು ತೇಲುತ್ತದೆ, ಭಾರ ಕಳೆದುಕೊಳ್ಳುತ್ತದೆ. ಬಿಸಿಲು ಬಿದ್ದ ಮಗ್ಗುಲನ್ನು ಅಗಲ ಉಳಿಯಿಂದ ತೆಗೆಯಿರಿ, ನೆರಳಿನ ಮಗ್ಗುಲನ್ನು ಹಿಂದಿನ ಗುಂಡಿನ ಕಪ್ಪಿನೊಳಗೆ ಮುಳುಗಲು ಬಿಡಿ. ಎರಡು ಗುಂಡುಗಳು ತಾಗುವ ಜಾಗ ಮಾತ್ರ ಕಡುಕಪ್ಪಾಗಿ ಉಳಿಯಲಿ, ಅಲ್ಲಿ ಒಂದು ಕೂದಲೆಳೆಯಷ್ಟೂ ಬಿಳಿ ಬೇಡ. ಆ ಚಿಕ್ಕ ಕಪ್ಪಿನ ಮೇಲೆಯೇ ಮೇಲಿನ ಗುಂಡಿನ ತೂಕವೆಲ್ಲ ಕೂರುತ್ತದೆ. ಹೊಕುಸಾಯ್ 1830ರ ಸುಮಾರಿಗೆ ಮಾಡಿದ ಫ್ಯೂಜಿ ಪರ್ವತದ ಅಚ್ಚುಗಳಲ್ಲಿ ಬೆಟ್ಟಕ್ಕೆ ತೆಳುವಾದ ಅಂಚು ಒಪ್ಪುತ್ತದೆ, ಏಕೆಂದರೆ ಫ್ಯೂಜಿ ಉಗುಳಿದ ಬೂದಿ, ಲಾವಾ ರಾಶಿ ಬಿದ್ದು ಬೆಳೆದ ಬೆಟ್ಟ. ಅದರ ಇಳಿಜಾರೇ ಅದರ ಕಥೆ. ಕುರುಗೋಡಿನದು ಕಳಚಿ ಉಳಿದ ಗುಡ್ಡ.

ಕರಿಕಲ್ಲಿನ ಪಟ್ಟೆಯನ್ನು ಮುಟ್ಟದೆ ಬಿಡು.

ಬಳ್ಳಾರಿಯ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು, ಕಪ್ಪಗಲ್ಲು. ಅಲ್ಲಿನ ಹಿರೇಗುಡ್ಡ ಗ್ರಾನೈಟಿನದು, ಆದರೆ ಅದರ ಬೆನ್ನ ಮೇಲೆ ಒಂದು ಕಪ್ಪು ಪಟ್ಟೆ ಹಾಯುತ್ತದೆ. ಗ್ರಾನೈಟ್ ಗಟ್ಟಿಯಾಗಿ ಎಷ್ಟೋ ಕಾಲವಾದ ಮೇಲೆ ನೆಲ ಬಿರಿದು, ಕೆಳಗಿನ ಕರಗಿದ ಕಲ್ಲು ಆ ಬಿರುಕಿಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟಿತು. ಅದೇ ಡಾಲರೈಟ್. ಬಿರುಕಿನಲ್ಲಿ ಬೇಗ ತಣಿದದ್ದರಿಂದ ಹರಳು ಸಣ್ಣ, ಕಲ್ಲು ಬಿಗಿ.

ಈ ಬಿಗಿಯೇ ಹೊಸ ಶಿಲಾಯುಗದ ಜನರನ್ನು ಇಲ್ಲಿಗೆ ತಂದಿತು. ಹಿರೇಗುಡ್ಡದ ಮೇಲೆ ಅವರು ಡಾಲರೈಟನ್ನು ಕಿತ್ತು, ಚಕ್ಕೆ ಎಬ್ಬಿಸಿ, ಕುಟ್ಟಿ, ಉಜ್ಜಿ ಕಲ್ಲುಕೊಡಲಿ ಮಾಡುತ್ತಿದ್ದರು. ಮನೆಮನೆಯ ಕೆಲಸ ಮೀರಿದ ದೊಡ್ಡ ಉದ್ಯೋಗ ಅದು. ಕೊಡಲಿ ಉಜ್ಜಿದ ತಗ್ಗುಗಳು ಬಂಡೆಯ ಮೇಲೆ ಇವೆ. ಸಂಗನಕಲ್ಲನ್ನು 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಗೆದರು, 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಅನ್ಸಾರಿ ಅಗೆದರು. ಆಮೇಲೆ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಬಹಳ ವರ್ಷ ಅಲ್ಲಿ ಕೆಲಸ ಮಾಡಿದರು.

ಅಚ್ಚಿನಲ್ಲಿ ಈ ಪಟ್ಟೆಗೆ ಒಂದೇ ಉಪಾಯ: ಕೆತ್ತಬೇಡಿ. ಸುತ್ತಲಿನ ಗ್ರಾನೈಟಿನ ಮೇಲೆ ಚುಕ್ಕಿ, ಗೀರು, ನಾರು ಎಲ್ಲ ಆಡಿಸಿ. ಪಟ್ಟೆ ಬಂದಲ್ಲಿ ಕೈ ಹಿಂದೆಗೆಯಿರಿ. ಮಸಿ ಉರುಳೆ ಹಾಯ್ದಾಗ ಅದು ತುಂಬು ಕಪ್ಪಾಗಿ, ಗುಡ್ಡವನ್ನು ಕೊಯ್ದು ಹೋದದ್ದು ಕೊಯ್ದ ಹಾಗೇ ಕಾಣುತ್ತದೆ. ಪಟ್ಟೆ ಗ್ರಾನೈಟಿಗಿಂತ ಎಳೆಯದು, ಆದ್ದರಿಂದ ಪಟ್ಟೆಗಿಂತ ಹಳೆಯದಾದ ಗ್ರಾನೈಟಿನ ಸೀಳುಗೆರೆಗಳು ಪಟ್ಟೆಯ ಅಂಚಿಗೆ ಬಂದು ನಿಲ್ಲಬೇಕು, ಒಳಗೆ ನುಗ್ಗಬಾರದು. ಅಂಥ ಒಂದು ಗೆರೆ ನುಗ್ಗಿದರೂ ವಯಸ್ಸಿನ ಲೆಕ್ಕ ತಲೆಕೆಳಗು. ಚಿತ್ರ ನೋಡುವವರಿಗೆ ಭೂವಿಜ್ಞಾನ ಗೊತ್ತಿಲ್ಲದಿದ್ದರೂ ಏನೋ ಸುಳ್ಳಾಗಿದೆ ಎಂದು ಕಣ್ಣಿಗೆ ತಿಳಿಯುತ್ತದೆ.

ಕುಟ್ಟಿದ್ದನ್ನು ಕುಟ್ಟಿಯೇ ತೋರಿಸು.

ಅದೇ ಡಾಲರೈಟ್ ಪಟ್ಟೆಯ ಬಂಡೆಗಳ ಮೇಲೆ ಚಿತ್ರಗಳಿವೆ. ಉದ್ದ ಕೊಂಬಿನ ಎತ್ತುಗಳೇ ಹೆಚ್ಚು, ಅವುಗಳ ನಡುವೆ ಮನುಷ್ಯರು. ಬಣ್ಣದಿಂದ ಬರೆದದ್ದಲ್ಲ, ಗೀರಿದ್ದೂ ಅಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದ್ದು. ಗಾಳಿ ಬಿಸಿಲಿಗೆ ಕಪ್ಪಾದ ಮೇಲ್ಪದರ ಉದುರಿ ಒಳಗಿನ ತಿಳಿಬಣ್ಣ ಕಾಣುತ್ತದೆ, ಚುಕ್ಕಿಗೆ ಚುಕ್ಕಿ ಸೇರಿ ಎತ್ತಾಗುತ್ತದೆ. 1892ರಲ್ಲಿ ಫಾಸೆಟ್ ಇವುಗಳ ಬಗ್ಗೆ ಮೊದಲ ಲೇಖನ ಬರೆದರು. 2004ರಲ್ಲಿ ನಿಕೋಲ್ ಬೋಯ್ವಿನ್ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬರೆದ ಮೇಲೆ ಲೋಕದ ಗಮನ ಮತ್ತೆ ಇತ್ತ ತಿರುಗಿತು. ಕೆಲವು ಬಂಡೆಗಳ ಮೇಲೆ ಬಟ್ಟಲಿನಂಥ ಗುಳಿಗಳಿವೆ, ಅಲ್ಲಿ ಕಲ್ಲಿನಿಂದ ಹೊಡೆದರೆ ಗಂಟೆಯ ನಾದ ಬರುತ್ತದೆ ಎಂದು ಅವರು ತೋರಿಸಿಕೊಟ್ಟರು. ಚಿತ್ರ ಮಾಡುವ ಸದ್ದೂ ಆ ಜನರಿಗೆ ಚಿತ್ರದಷ್ಟೇ ಬೇಕಾಗಿತ್ತೇನೋ ಎಂದು ನನಗೂ ಅನ್ನಿಸುತ್ತದೆ.

ನಮ್ಮ ಉಬ್ಬಚ್ಚಿಗೆ ಇದಕ್ಕಿಂತ ಹಿರಿಯ ಬಂಧು ಬೇರೆಲ್ಲೂ ಹುಡುಕಬೇಕಿಲ್ಲ. ಕಪ್ಪು ಮೈ, ತೆಗೆದಲ್ಲಿ ಬೆಳಕು: ಹಿರೇಗುಡ್ಡದ ಕುಟ್ಟುಚಿತ್ರಕ್ಕೂ ಲಿನೋಕಟ್ಟಿಗೂ ವ್ಯಾಕರಣ ಒಂದೇ. ಆದ್ದರಿಂದಲೇ ಈ ಎತ್ತುಗಳನ್ನು ವಿ-ಉಳಿಯ ನುಣುಪು ಗೆರೆಯಲ್ಲಿ ತರುವುದು ನನಗೆ ಸರಿಬೀಳದು. ಮೊಳೆಯ ತುದಿ ಮೊಂಡು ಮಾಡಿಕೊಳ್ಳಿ, ಚಿಕ್ಕ ಸುತ್ತಿಗೆ ಹಿಡಿಯಿರಿ, ಮರದ ಹಲಗೆಯನ್ನು ಕುಟ್ಟಿ. ಪ್ರತಿ ಏಟಿಗೆ ಒಂದು ಗುಳಿ, ಗುಳಿಯ ಅಂಚು ಒಂದಿಷ್ಟು ಹರಿದದ್ದು. ಏಟುಗಳು ದಟ್ಟವಾದಲ್ಲಿ ಎತ್ತಿನ ಮೈ, ಚದುರಿದಲ್ಲಿ ಅದರ ಅಂಚು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕುಟ್ಟಿದ ಗುರುತೂ ಕಾಲ ಕಳೆದಂತೆ ಮತ್ತೆ ಕಪ್ಪೇರುತ್ತದೆ. ಹಳೆಯ ಎತ್ತು ಮಂದ, ಹೊಸದು ಬೆಳ್ಳಗೆ, ಇತ್ತೀಚೆಗೆ ಯಾರೋ ಕುಟ್ಟಿ ಬರೆದ ಗುರುತುಗಳು ಇನ್ನೂ ಬೆಳ್ಳಗೆ. ಈ ವ್ಯತ್ಯಾಸವನ್ನು ಒಂದೇ ಹಲಗೆಯಲ್ಲಿ ತರಬಹುದು. ಮೊದಲು ಬೆಳ್ಳಗಿರುವುದನ್ನು ಕುಟ್ಟಿ, ಹಲಗೆಗೆ ಬೂದು ಮಸಿ ಹಚ್ಚಿ ಅಷ್ಟೂ ಪ್ರತಿ ತೆಗೆದುಬಿಡಿ. ಆಮೇಲೆ ಅದೇ ಹಲಗೆಯಲ್ಲಿ ಮಂದವಾದ ಹಳೆಯ ಎತ್ತನ್ನು ಕುಟ್ಟಿ, ಅದೇ ಪ್ರತಿಗಳ ಮೇಲೆ ಕಪ್ಪು ಹಾಕಿ. ಹಳೆಯದು ಬೂದಾಗಿ, ಹೊಸದು ಬಿಳಿಯಾಗಿ ಬರುತ್ತದೆ. ಬಂಡೆಯ ಮೇಲೆ ಕೊನೆಗೆ ಬಂದದ್ದು ಹಲಗೆಯ ಮೇಲೆ ಮೊದಲು ಬರುತ್ತದೆ ಎಂಬುದನ್ನು ಗಮನಿಸಿ. ಗುಡ್ಡದ ಕಾಲವನ್ನು ಹಿಂದುಮುಂದಾಗಿ ನಡೆದು ನೋಡಿದಂತೆ ಇದು. ಈ ಕೆಲಸ ಮಾಡಿದ ಮೇಲೆ ಬಂಡೆಯ ಮುಂದೆ ನಿಂತಾಗ ಯಾವ ಎತ್ತು ಯಾವುದಕ್ಕಿಂತ ಹಿರಿಯದು ಎಂದು ಕಣ್ಣು ತಾನಾಗಿ ಹುಡುಕುತ್ತದೆ.

ಒಂದು ವಿನಂತಿ. ಹಿರೇಗುಡ್ಡದ ಚಿತ್ರಗಳ ಮೇಲೆ ಕಾಗದ ಇಟ್ಟು ಉಜ್ಜಬೇಡಿ, ಸೀಮೆಸುಣ್ಣದಿಂದ ತಿದ್ದಬೇಡಿ, ನೀರು ಚೆಲ್ಲಬೇಡಿ. ಪಕ್ಕದಲ್ಲಿ ಕೂತು ನೋಡಿ ಬರೆದುಕೊಂಡು ಬನ್ನಿ.

ಕೆಂಪಿನ ಮೇಲೆ ಕೆಂಪು, ಸಂಡೂರಿನ ಹಾಗೆ.

ಸಂಡೂರಿನ ಸಾಲು ಬಳ್ಳಾರಿಯ ಗ್ರಾನೈಟಿಗಿಂತ ಹಳೆಯದು, ಸುಮಾರು 270 ಕೋಟಿ ವರ್ಷದ್ದು. ಕಡಲ ತಳದಲ್ಲಿ ಕಬ್ಬಿಣವೂ ಸಿಲಿಕಾವೂ ಒಂದಾದ ಮೇಲೊಂದು ಕೂತು, ಬೆರಳಗಲಕ್ಕಿಂತ ಸಣ್ಣ ಪದರಗಳಾಗಿ ಕಲ್ಲಾದವು. ಮುಂದೆ ನೆಲದ ಒತ್ತಡಕ್ಕೆ ಸಿಕ್ಕು ಮಡಿಚಿದವು, ಎದ್ದು ನಿಂತವು. ಒಂದು ತುಂಡು ಕೈಯಲ್ಲಿ ಹಿಡಿದರೆ ಗೆರೆ ಗೆರೆ ಕಾಣುತ್ತದೆ: ಉಕ್ಕಿನ ಕಪ್ಪುಗೆಂಪು, ಇಟ್ಟಿಗೆಗೆಂಪು, ಬೂದಿ, ಮತ್ತೆ ಕೆಂಪು.

ಇದನ್ನು ಬೇರೆಬೇರೆ ಬಣ್ಣಗಳಲ್ಲಿ ಹಾಕಿದರೆ ಜಾತ್ರೆಯ ಪಟ್ಟೆಸೀರೆಯಾಗುತ್ತದೆ. ಒಂದೇ ಕೆಂಪನ್ನು ತೆಳುವಾಗಿ, ಒಣಗಿಸಿ, ಮತ್ತೆ ತೆಳುವಾಗಿ ಹಾಕಬೇಕು. ಪ್ರತಿ ಸುತ್ತಿಗೂ ಹಲಗೆಯಲ್ಲಿ ಒಂದಿಷ್ಟು ಪದರ ಕಡಿಯುತ್ತ ಹೋಗಬೇಕು. ಒಂದು ಸಲ ಬಿದ್ದಲ್ಲಿ ಇಟ್ಟಿಗೆ, ಮೂರು ಸಲ ಬಿದ್ದಲ್ಲಿ ಅದಿರು. ಜಪಾನಿನ ಯೋಶಿದಾ ಹಿರೋಶಿ ಬೆಟ್ಟ ಹತ್ತುವ ಹುಚ್ಚಿದ್ದ ಕಲಾವಿದ. 1930-31ರಲ್ಲಿ ಭಾರತ ಸುತ್ತಿ ಕಾಂಚನಜುಂಗಾದ ಅಚ್ಚುಗಳನ್ನೂ ಮಾಡಿದವರು. ಒಂದು ಚಿತ್ರಕ್ಕೆ ಹತ್ತಾರು ಸಲ ಮಸಿ ಹಾಯಿಸುತ್ತಿದ್ದರು. ಬೆಟ್ಟದ ಬಣ್ಣ ಒಂದೇ ಸಲಕ್ಕೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕೆಂಪಿಗೆ ಅಂಗಡಿಯ ಟ್ಯೂಬೇ ಬೇಕೆಂದಿಲ್ಲ. ಹೆಮಟೈಟಿನ ಪುಡಿಯನ್ನು ನೀರಲ್ಲಿ ಕದಡಿ, ದಪ್ಪ ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದು ಒಣಗಿಸಿದರೆ ನಯವಾದ ಬಣ್ಣ ಸಿಗುತ್ತದೆ. ಗಾಜಿನ ಮೇಲೆ ಕಾಯಿಸಿದ ಅಗಸೆ ಎಣ್ಣೆಯ ಜೊತೆ ಅರೆದರೆ ಮಸಿ. ಎಷ್ಟು ವರ್ಷವಾದರೂ ಮಾಸದ ಕೆಂಪು ಅದು.

ಬಯಲು ಖಾಲಿ ಅಂದುಕೊಳ್ಳಬೇಡ.

ಕುರುಗೋಡು ದಾಟಿ ಸಿರುಗುಪ್ಪದ ಕಡೆ ಹೋದಂತೆ ಗುಡ್ಡ ದೂರವಾಗಿ ಎರೆಹೊಲ ಶುರುವಾಗುತ್ತದೆ. ತುಂಗಭದ್ರೆ ಒಂದು ಕಡೆ, ಅವಳನ್ನು ಸೇರಲು ಬರುವ ಹಗರಿ ಇನ್ನೊಂದು ಕಡೆ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಕಾಲುವೆ ನೀರು ಬಂದು ಇದು ಭತ್ತದ ಸೀಮೆಯಾಯಿತು. ಗುಡ್ಡದ ಅಚ್ಚು ಹಾಕುವವರು ಈ ಬಯಲನ್ನು ಒಂದು ಅಡ್ಡಗೆರೆ ಎಳೆದು ಮುಗಿಸಿಬಿಡುತ್ತಾರೆ. ಅದು ತಪ್ಪು. ಗುಡ್ಡ ಬಯಲಿನ ಮೇಲೆ ಇಟ್ಟ ವಸ್ತುವಲ್ಲ. ಬಯಲಿನ ಮಣ್ಣಿನ ಕೆಳಗೂ ಬಂಡೆಯೇ ಇದೆ, ಸವೆಯದೆ ಉಳಿದ ಅದರ ತಲೆ ಮಾತ್ರ ನಮಗೆ ಗುಡ್ಡವಾಗಿ ಕಾಣುತ್ತದೆ. ಆದ್ದರಿಂದ ಬುಡದಲ್ಲಿ ಗೆರೆ ಕಡಿದು ನಿಲ್ಲಿಸಬೇಡಿ. ಬಂಡೆಯ ಗೀರು ಸಣ್ಣದಾಗುತ್ತ, ಗುಂಡು ಚದುರುತ್ತ, ಮಸಾರಿಯಾಗಿ, ಎರೆಯಾಗಿ ಬಿಚ್ಚಿಕೊಳ್ಳಲಿ. ನೀರು ಕಾಣದ ಎರೆ ಬೇಸಿಗೆಯಲ್ಲಿ ಬಿರಿದು ಬಲೆ ಬಲೆಯಾಗುತ್ತದೆ, ಕಾಲುವೆಯ ಗದ್ದೆ ಅಡ್ಡಡ್ಡ ಹೊಳೆಯುತ್ತದೆ. ಎರಡಕ್ಕೂ ಅತಿ ಸಣ್ಣ ಉಳಿ ಬೇಕು.

ತೆಕ್ಕಲಕೋಟೆಯಲ್ಲಿ 1963-64ರಲ್ಲಿ ನಾಗರಾಜರಾವ್ ಮತ್ತು ಮಲ್ಹೋತ್ರಾ ಅಗೆದಾಗ ಹೊಸ ಶಿಲಾಯುಗದ ಜನ ಗುಂಡುಗಳ ನಡುವೆ, ಗುಡ್ಡದ ಮೇಲೆಯೇ ಮನೆ ಮಾಡಿದ್ದು ಕಂಡಿತು. ಅವರು ದಿನವೂ ನೋಡುತ್ತಿದ್ದದ್ದು ಈ ಬಯಲನ್ನೇ. ಬಳ್ಳಾರಿ ಹೊಸಪೇಟೆ ದಾರಿಯ ಕುಡತಿನಿಯಲ್ಲಿ ಇನ್ನೊಂದು ಬಗೆಯ ದಿಬ್ಬವಿದೆ: ದನದ ಸಗಣಿ ರಾಶಿ ಬಿದ್ದು ಸುಟ್ಟು ಬೂದಿಯಾದದ್ದು. ಅದಕ್ಕೆ ಬಂಡೆಯ ಸೀಳು ಕೊಡಬೇಡಿ. ಅದು ಕಲ್ಲಲ್ಲ.

ಮಸಿ ಕಮ್ಮಿ, ಒತ್ತು ಜಾಸ್ತಿ.

ಗಾಜಿನ ಮೇಲೆ ಉರುಳೆ ಆಡಿಸುವಾಗ ಕಿವಿ ಕೊಡಿ. ಮಸಿ ಹೆಚ್ಚಾದರೆ ಲೊಚಲೊಚ ಎನ್ನುತ್ತದೆ. ಹದವಾದರೆ ಸಣ್ಣಗೆ, ಒಂದೇ ಸಮನೆ ಸರಸರ ಎನ್ನುತ್ತದೆ, ಮಸಿಯ ಮೈ ಮಖಮಲ್ಲಿನಂತಾಗುತ್ತದೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಎಣ್ಣೆ ಮಸಿ ಸಡಿಲವಾಗಿ ಕುಟ್ಟಿದ ಸಣ್ಣ ಗುಳಿಗಳನ್ನೆಲ್ಲ ತುಂಬಿಬಿಡುತ್ತದೆ. ಆ ದಿನಗಳಲ್ಲಿ ಬೆಳಗ್ಗೆ ಹೊತ್ತೇರುವ ಮೊದಲು ಅಚ್ಚು ಹಾಕಿ, ಲಿನೋ ಮಾತ್ರ ಮಧ್ಯಾಹ್ನ ಕೆತ್ತಿ, ಸೆಕೆಗೆ ಮೆತ್ತಗಾಗಿರುತ್ತದೆ. ಒತ್ತಲು ಯಂತ್ರವಿಲ್ಲದಿದ್ದರೆ ಕಾಗದದ ಬೆನ್ನ ಮೇಲೆ ಚಮಚದ ಬೆನ್ನಿನಿಂದ ಚಿಕ್ಕ ಚಿಕ್ಕ ಸುತ್ತು ಉಜ್ಜಿ. ತೆಳು ಕಾಗದವಾದರೆ ಮಸಿ ಎಲ್ಲಿ ಹಿಡಿದಿದೆ ಎಂದು ಹಿಂದಿನಿಂದಲೇ ಕಾಣುತ್ತದೆ.

ತೆಗೆದದ್ದು ಮತ್ತೆ ಬಾರದು, ಎಣಿಸಿ ಅಚ್ಚು ಹಾಕು.

ಹಲಗೆಯಿಂದ ಎದ್ದ ಚಕ್ಕೆಯನ್ನು ಅಂಟಿಸಿ ಸರಿಮಾಡಲಾಗದು. ಒಂದೇ ಹಲಗೆಯನ್ನು ಕಡಿಯುತ್ತ ಬಣ್ಣದ ಮೇಲೆ ಬಣ್ಣ ಹಾಕಿದ ಕೆಲಸದಲ್ಲಂತೂ ಕೊನೆಯ ಸುತ್ತಿಗೆ ಮೊದಲಿನ ಸುತ್ತಿನ ಹಲಗೆ ಇರುವುದೇ ಇಲ್ಲ. ಹದಿನೈದು ಪ್ರತಿ ಬೇಕೆಂದರೆ ಮೊದಲ ಬಣ್ಣದಲ್ಲೇ ಇಪ್ಪತ್ತು ಹಾಳೆ ಹಾಕಿಕೊಳ್ಳಬೇಕು, ದಾರಿಯಲ್ಲಿ ಕೆಲವು ಕೆಡುತ್ತವೆ. ಉಳಿದವಕ್ಕೆ ಪೆನ್ಸಿಲ್ಲಿನಲ್ಲಿ 1/15, 2/15 ಎಂದು ಬರೆಯುವುದು ಅಲಂಕಾರವಲ್ಲ, ಲೆಕ್ಕ ಒಪ್ಪಿಸುವುದು.

ಗುಡ್ಡಕ್ಕೆ ಇಂಥ ಲೆಕ್ಕವನ್ನು ನಾವು ಇಡಲಿಲ್ಲ. ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಬೇಕಾಗಿ ಬಂತು. ಆಮೇಲೆ ಮಿತಿ ಹಾಕಿ ಮತ್ತೆ ಬಿಟ್ಟರು, ಆದರೆ ಹೋದ ಅಂಚು ಹೋಯಿತು. ಹಿರೇಗುಡ್ಡದ ಸುತ್ತ ಕಲ್ಲುಕ್ವಾರಿ ನಡೆದು, ಕುಟ್ಟುಚಿತ್ರಗಳೂ ನಾದದ ಬಂಡೆಗಳೂ ಅಪಾಯದಲ್ಲಿವೆ ಎಂದು ಅಲ್ಲಿ ಕೆಲಸ ಮಾಡಿದ ವಿದ್ವಾಂಸರು ಬರೆಯುತ್ತ ಬಂದಿದ್ದಾರೆ. ಐದು ಸಾವಿರ ವರ್ಷದ ಆಚೀಚಿನಿಂದ ಜನ ನೆಲೆ ನಿಂತ, ಕೊಡಲಿ ಮಾಡಿದ, ಎತ್ತು ಬರೆದ ಗುಡ್ಡ ಅದು. ಜಲ್ಲಿಗೆ ಬೇರೆ ಕಲ್ಲು ಸಿಗುತ್ತದೆ, ಆ ಎತ್ತುಗಳು ಬೇರೆಲ್ಲೂ ಸಿಗುವುದಿಲ್ಲ.

ಆದ್ದರಿಂದ ಅಚ್ಚಿನ ಕೆಳಗೆ ಹೆಸರು, ಸಂಖ್ಯೆಯಷ್ಟೇ ಬರೆದು ನಿಲ್ಲಿಸಬೇಡಿ. ಯಾವ ಗುಡ್ಡ, ಯಾವ ಊರಿನ ಯಾವ ಕಡೆಯಿಂದ ನಿಂತು ನೋಡಿದ್ದು, ಯಾವ ತಿಂಗಳು, ಯಾವ ವರ್ಷ, ಇಷ್ಟನ್ನೂ ಬರೆಯಿರಿ. ಕ್ವಾರಿ ಕಂಡರೆ ಕ್ವಾರಿಯನ್ನೂ ಕೆತ್ತಿ. ಅದರ ಕಡಿತ ನೇರ, ಬಂಡೆಯ ಯಾವ ಸೀಳಿಗೂ ಹೊಂದುವುದಿಲ್ಲ. ಅಲ್ಲಿಗೆ ಅಳತೆಪಟ್ಟಿ ಇಟ್ಟು ಚಾಕುವಿನಿಂದ ಕೊಯ್ಯಿರಿ.